ಬಾಲಕರಲ್ಲಿ ಹಾರ್ಮೋನು ಸ್ರವಿಸುವ ವೃಷಣದ ಗೆಡ್ಡೆಗಳು: ಖಾನಾಪುರ ತಾಲ್ಲೂಕು ಲೋಂಡಾ ಭಾಗದ ಪೋಷಕರ ಮಾಹಿತಿಗಾಗಿ

ಒಂಬತ್ತು ವರ್ಷ ತುಂಬದ ಬಾಲಕನಲ್ಲಿ ಮೀಸೆಯ ಚಿಗುರು, ಜನನಾಂಗದ ಸುತ್ತ ರೋಮ, ಗಡಸು ಧ್ವನಿ, ಮುಖದಲ್ಲಿ ಮೊಡವೆ, ಬೆವರಿನಲ್ಲಿ ದೊಡ್ಡವರ ವಾಸನೆ ಅಥವಾ ಶಿಶ್ನದ ಗಾತ್ರದಲ್ಲಿ ಹೆಚ್ಚಳ ಕಂಡುಬಂದಲ್ಲಿ ಅದನ್ನು ಕೇವಲ ಒಳ್ಳೆಯ ಬೆಳವಣಿಗೆ ಎಂದು ಭಾವಿಸದೆ ವೈದ್ಯಾಧಿಕಾರಿಗಳಿಗೆ ತೋರಿಸತಕ್ಕದ್ದು. ಇಂತಹ ಬಾಲಕರ ಪೈಕಿ ಕೆಲವೇ ಕೆಲವರಲ್ಲಿ ವೃಷಣದೊಳಗೆ ಹಾರ್ಮೋನು ಸ್ರವಿಸುವ ಸಣ್ಣ ಗೆಡ್ಡೆಯೊಂದು ಇದಕ್ಕೆ ಕಾರಣವಾಗಿರುತ್ತದೆ. ಈ ಗೆಡ್ಡೆ ಬಹು ಅಪರೂಪ. ಮಕ್ಕಳಲ್ಲಿ ಅದು ಬಹುತೇಕ ಸಂದರ್ಭಗಳಲ್ಲಿ ಕ್ಯಾನ್ಸರ್ ಅಲ್ಲ, ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಆದರೆ ಪತ್ತೆಯಾಗುವುದು ತಡವಾದಷ್ಟೂ ಮಗು ತನ್ನ ಮುಂದಿನ ಎತ್ತರವನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ, ಆ ನಷ್ಟವನ್ನು ನಂತರ ಪೂರ್ಣವಾಗಿ ತುಂಬಿಕೊಡಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಈ ವಿಷಯದಲ್ಲಿ ಪೋಷಕರು ಅರಿತಿರಬೇಕಾದ ಸಂಗತಿಗಳನ್ನು, ಹಾಗೂ ಲೋಂಡಾ ಮತ್ತು ಸುತ್ತಲಿನ ಗ್ರಾಮಗಳ ಕುಟುಂಬಗಳು ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವೃಷಣ ಮತ್ತು ಹಾರ್ಮೋನು

ಆಡುಮಾತಿನಲ್ಲಿ ಬೀಜ ಎಂದು ಕರೆಯಲ್ಪಡುವ ವೃಷಣಗಳು ಎರಡು ಕೆಲಸಗಳನ್ನು ಮಾಡುತ್ತವೆ. ಪ್ರಾಯಕ್ಕೆ ಬಂದ ಮೇಲೆ ವೀರ್ಯಾಣುಗಳನ್ನು ಉತ್ಪಾದಿಸುವುದು ಒಂದು. ಪುರುಷ ಹಾರ್ಮೋನಾದ ಟೆಸ್ಟೋಸ್ಟೀರಾನನ್ನು ರಕ್ತಕ್ಕೆ ಬಿಡುವುದು ಇನ್ನೊಂದು. ಈ ಹಾರ್ಮೋನನ್ನು ತಯಾರಿಸುವ ಕೋಶಗಳನ್ನು 1850ರಲ್ಲಿ ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಫ್ರಾನ್ಸ್ ಲೇಡಿಗ್ ಅವರು ಮೊದಲಿಗೆ ವಿವರಿಸಿದರು. ಅವರ ಹೆಸರಿನಿಂದಲೇ ಅವು ಲೇಡಿಗ್ ಕೋಶಗಳೆಂದು ಪ್ರಸಿದ್ಧವಾಗಿವೆ. ವೀರ್ಯಾಣುಗಳಿಗೆ ಆಸರೆಯಾಗಿ ನಿಲ್ಲುವ ಮತ್ತೊಂದು ಬಗೆಯ ಕೋಶಗಳಿಗೆ ಸರ್ಟೋಲಿ ಕೋಶಗಳೆಂದು ಹೆಸರು.

ಹುಟ್ಟಿದ ಮೊದಲ ಕೆಲವು ತಿಂಗಳುಗಳನ್ನು ಬಿಟ್ಟರೆ ಬಾಲ್ಯದುದ್ದಕ್ಕೂ ಲೇಡಿಗ್ ಕೋಶಗಳು ಸುಪ್ತ ಸ್ಥಿತಿಯಲ್ಲಿರುತ್ತವೆ. ಮೆದುಳಿನ ತಳಭಾಗದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಆದೇಶ ಬಂದ ಮೇಲೆಯೇ ಅವು ಕೆಲಸ ಆರಂಭಿಸುತ್ತವೆ. ಸಾಮಾನ್ಯವಾಗಿ ಗಂಡುಮಕ್ಕಳಲ್ಲಿ ಈ ಆದೇಶ 9 ರಿಂದ 14 ವರ್ಷದ ನಡುವೆ ಬರುತ್ತದೆ. ಆಗ ಎರಡೂ ವೃಷಣಗಳು ಮೊದಲಿಗೆ ದೊಡ್ಡದಾಗುತ್ತವೆ, ಉಳಿದ ಬದಲಾವಣೆಗಳು ನಂತರ ಒಂದೊಂದಾಗಿ ಬರುತ್ತವೆ. ಈ ಕ್ರಮವನ್ನು ಪೋಷಕರು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ರೋಗಪತ್ತೆಯ ಅರ್ಧ ಕೆಲಸ ಇದರಿಂದಲೇ ಆಗುತ್ತದೆ. ಲೇಡಿಗ್ ಕೋಶಗಳ ಗೆಡ್ಡೆಯಾದಾಗ ಯಾವ ಆದೇಶಕ್ಕೂ ಕಾಯದೆ ಒಂದೇ ವೃಷಣದ ಒಂದು ಭಾಗ ಹಾರ್ಮೋನನ್ನು ಹರಿಸುತ್ತದೆ. ಮೈಯೆಲ್ಲ ಪ್ರಾಯಕ್ಕೆ ಬಂದಂತೆ ಕಂಡರೂ ಒಂದು ವೃಷಣ ಎಳೆಯ ಮಗುವಿನದರಂತೆ ಸಣ್ಣದಾಗಿಯೇ ಉಳಿದಿರುತ್ತದೆ.

ವೈದ್ಯಲೋಕಕ್ಕೆ ಇದು ಹೊಸದೇನಲ್ಲ. 1895ರಲ್ಲಿಯೇ ಇಟಲಿಯ ವೈದ್ಯ ಸಾಕ್ಕಿ ಅವರು ವೃಷಣದ ಗೆಡ್ಡೆಯಿಂದ ಅಕಾಲದಲ್ಲಿ ಪ್ರಾಯಕ್ಕೆ ಬಂದ, ಸುಮಾರು ಒಂಬತ್ತು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದರು. ಗೆಡ್ಡೆಯನ್ನು ತೆಗೆದ ಮೇಲೆ ಆ ಲಕ್ಷಣಗಳು ಇಳಿಮುಖವಾದುದನ್ನೂ ದಾಖಲಿಸಿದ್ದರು. ಟೆಸ್ಟೋಸ್ಟೀರಾನ್ ಎಂಬ ವಸ್ತುವನ್ನು ಬೇರ್ಪಡಿಸಿ ಹೆಸರಿಟ್ಟದ್ದು 1935ರಲ್ಲಿ. ಅಂದರೆ ಹಾರ್ಮೋನಿನ ಹೆಸರೇ ತಿಳಿಯದಿದ್ದ ಕಾಲದಲ್ಲಿ, ಕೇವಲ ಕಣ್ಣು ಮತ್ತು ಕೈಗಳ ಪರೀಕ್ಷೆಯಿಂದ ಈ ಕಾಯಿಲೆಯನ್ನು ಗುರುತಿಸಲಾಗಿತ್ತು. ಇಂದಿಗೂ ಮೊದಲ ಸುಳಿವು ದೊರೆಯುವುದು ಬಟ್ಟೆ ಬಿಚ್ಚಿಸಿ ಮಾಡುವ ಸರಳ ಪರೀಕ್ಷೆಯಲ್ಲಿಯೇ.

ಗೆಡ್ಡೆಯ ಬಗೆಗಳು

ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದಾಗ ವೃಷಣದ ಗೆಡ್ಡೆಗಳಲ್ಲಿ ಲೇಡಿಗ್ ಕೋಶದ ಗೆಡ್ಡೆಗಳ ಪಾಲು ಶೇಕಡಾ 1 ರಿಂದ 3 ಮಾತ್ರ. ಮಕ್ಕಳಲ್ಲಿ ಇವು ಹೆಚ್ಚಾಗಿ 5 ರಿಂದ 10 ವರ್ಷದ ನಡುವೆ ಕಾಣಿಸಿಕೊಳ್ಳುತ್ತವೆ. ವಯಸ್ಕರಲ್ಲಿ ಇಂತಹ ಗೆಡ್ಡೆಗಳ ಪೈಕಿ ಸುಮಾರು ಹತ್ತರಲ್ಲೊಂದು ದೇಹದ ಇತರ ಭಾಗಗಳಿಗೆ ಹರಡುವ ಸ್ವಭಾವದ್ದಾಗಿರಬಹುದು. ಪ್ರಾಯಕ್ಕೆ ಮುನ್ನದ ಬಾಲಕರಲ್ಲಿ ಹಾಗಲ್ಲ, ಅವು ಸೌಮ್ಯವಾದ ಗೆಡ್ಡೆಗಳಾಗಿರುತ್ತವೆ. ಗೆಡ್ಡೆ ಎಂಬ ಮಾತು ಕೇಳಿದೊಡನೆ ಕ್ಯಾನ್ಸರ್ ಎಂದೇ ತಿಳಿದು ಕುಟುಂಬಗಳು ಕಂಗೆಡುವುದುಂಟು. ಈ ವ್ಯತ್ಯಾಸವನ್ನು ವೈದ್ಯರಿಂದ ಕೇಳಿ ಸ್ಪಷ್ಟಪಡಿಸಿಕೊಳ್ಳತಕ್ಕದ್ದು.

ಈ ಗೆಡ್ಡೆ ಏಕೆ ಉಂಟಾಗುತ್ತದೆ ಎಂಬುದಕ್ಕೆ ಕೆಲಮಟ್ಟಿಗೆ ಉತ್ತರ ದೊರೆತಿದೆ. ಪಿಟ್ಯೂಟರಿಯ ಆದೇಶವನ್ನು ಸ್ವೀಕರಿಸಲು ಲೇಡಿಗ್ ಕೋಶದ ಮೇಲೆ ಒಂದು ಗ್ರಾಹಕ ಇರುತ್ತದೆ. ಬಾಗಿಲಿನ ಕರೆಗಂಟೆಯ ಗುಂಡಿ ಒಳಗೆ ಸಿಕ್ಕಿಕೊಂಡರೆ ಯಾರೂ ಒತ್ತದಿದ್ದರೂ ಗಂಟೆ ಬಾರಿಸುತ್ತಲೇ ಇರುವಂತೆ, ಈ ಗ್ರಾಹಕದ ವಂಶವಾಹಿಯಲ್ಲಿ ಆಗುವ ಒಂದು ಬದಲಾವಣೆಯಿಂದ ಕೋಶ ನಿರಂತರವಾಗಿ ಹಾರ್ಮೋನು ತಯಾರಿಸತೊಡಗುತ್ತದೆ. ಹಲವು ಬಾಲಕರ ಗೆಡ್ಡೆಗಳಲ್ಲಿ ಇಂತಹ ಬದಲಾವಣೆ ಇರುವುದು 1999ರಲ್ಲಿ ಪ್ರಕಟವಾಯಿತು. ಈ ಬದಲಾವಣೆ ಆ ಗೆಡ್ಡೆಯ ಕೋಶಗಳಲ್ಲಿ ಮಾತ್ರ ಉಂಟಾಗಿರುತ್ತದೆ, ತಂದೆತಾಯಿಯರಿಂದ ಬಂದುದಲ್ಲ. ಗರ್ಭಿಣಿಯಾಗಿದ್ದಾಗ ತಾಯಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಹೋದಳೇ ಎಂಬ ಮನೆಮಾತುಗಳಿಗೆ ಇಲ್ಲಿ ಯಾವ ಆಧಾರವೂ ಇಲ್ಲ. ಬಿದ್ದು ಪೆಟ್ಟಾದುದರಿಂದಲೂ ಇದು ಬರುವುದಿಲ್ಲ, ಆದರೆ ಪೆಟ್ಟಾದಾಗ ಪರೀಕ್ಷಿಸಲು ಹೋಗಿ ಮೊದಲೇ ಇದ್ದ ಗೆಡ್ಡೆ ಗೊತ್ತಾಗುವುದು ಸಾಧ್ಯ.

ಸರ್ಟೋಲಿ ಕೋಶಗಳ ಗೆಡ್ಡೆಗಳು ಇನ್ನೂ ವಿರಳ. ಇವುಗಳಲ್ಲಿ ಕೆಲವು ಪುರುಷ ಹಾರ್ಮೋನನ್ನು ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಆಗಿ ಪರಿವರ್ತಿಸುವುದರಿಂದ ಬಾಲಕನ ಎದೆಯಲ್ಲಿ ಸ್ತನದಂತಹ ಉಬ್ಬು ಕಾಣಿಸಿಕೊಳ್ಳುತ್ತದೆ. ಲೇಡಿಗ್ ಗೆಡ್ಡೆಯಲ್ಲಿಯೂ ಒಮ್ಮೊಮ್ಮೆ ಹೀಗಾಗುವುದುಂಟು. ಸುಣ್ಣದ ಕಣಗಳು ತುಂಬಿರುವ ಒಂದು ಬಗೆಯ ಸರ್ಟೋಲಿ ಗೆಡ್ಡೆ ಎರಡೂ ವೃಷಣಗಳಲ್ಲಿ ಇರಬಹುದು. ಅದು ವಂಶಪಾರಂಪರ್ಯವಾಗಿ ಬರುವ ಕಾರ್ನಿ ಕಾಯಿಲೆಯ ಸಮೂಹದೊಡನೆ ಸಂಬಂಧ ಹೊಂದಿರುತ್ತದೆ. ಇದನ್ನು ಹೋಲುವ ಸರ್ಟೋಲಿ ಗೆಡ್ಡೆಗಳು ಪ್ಯೂಟ್ಸ್–ಜೆಗರ್ಸ್ ಎಂಬ ಇನ್ನೊಂದು ವಂಶಪಾರಂಪರ್ಯ ಕಾಯಿಲೆಯಲ್ಲಿಯೂ ಕಾಣುತ್ತವೆ. ಆದ್ದರಿಂದ ಮಗುವಿನ ಅಥವಾ ಮನೆಯ ಹಿರಿಯರ ತುಟಿ, ಬಾಯಿಯ ಒಳಭಾಗಗಳಲ್ಲಿ ಕಪ್ಪು ಚುಕ್ಕೆಗಳಿದ್ದಲ್ಲಿ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಎತ್ತರದ ನಷ್ಟ ಹೇಗಾಗುತ್ತದೆ

ಪ್ರಾಯಕ್ಕೆ ಮುನ್ನ ಆರೋಗ್ಯವಂತ ಮಗು ವರ್ಷಕ್ಕೆ ಸುಮಾರು 5 ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಹಾರ್ಮೋನು ಅಕಾಲದಲ್ಲಿ ಹರಿದಾಗ ಈ ವೇಗ ಬಹಳ ಹೆಚ್ಚುತ್ತದೆ. ಮಗು ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗುತ್ತದೆ, ಮೈಕಟ್ಟು ಬಲವಾಗುತ್ತದೆ. ಕುಟುಂಬದವರು ಸಂತೋಷಪಡುವುದು ಸಹಜ, ತೊಂದರೆ ಇರುವುದೂ ಇಲ್ಲಿಯೇ. ಮೂಳೆಗಳ ತುದಿಗಳಲ್ಲಿ ಬೆಳವಣಿಗೆಯ ಪಟ್ಟಿಗಳಿದ್ದು, ಅವು ತೆರೆದಿರುವವರೆಗೆ ಮಾತ್ರ ಎತ್ತರ ಬೆಳೆಯಲು ಸಾಧ್ಯ. ಲೈಂಗಿಕ ಹಾರ್ಮೋನುಗಳು ಬೆಳವಣಿಗೆಯನ್ನು ವೇಗಗೊಳಿಸುವುದರ ಜೊತೆಯಲ್ಲಿಯೇ ಆ ಪಟ್ಟಿಗಳನ್ನು ಬೇಗನೆ ಮುಚ್ಚಿಬಿಡುತ್ತವೆ. ಏಳು ವರ್ಷದ ಬಾಲಕನ ಮೂಳೆಗಳು ಹನ್ನೆರಡು ವರ್ಷದವನ ಮೂಳೆಗಳಂತೆ ಮಾಗಿದ್ದರೆ ಅವನಿಗೆ ಬೆಳೆಯಲು ಉಳಿದಿರುವ ಕಾಲ ಅಷ್ಟೇ ಕಡಿಮೆ. ಇಂದು ತರಗತಿಯಲ್ಲಿ ಅತಿ ಎತ್ತರದವನು ನಾಳೆ ಅತಿ ಗಿಡ್ಡ ವಯಸ್ಕನಾಗಬಹುದು.

ಅಂಗನವಾಡಿಯಲ್ಲಿ ಹಾಗೂ ಶಾಲೆಯಲ್ಲಿ ದಾಖಲಿಸಿದ ಎತ್ತರ ಮತ್ತು ತೂಕದ ವಿವರಗಳು ಈ ಕಾರಣಕ್ಕಾಗಿ ಬಹಳ ಉಪಯುಕ್ತ. ಬೆಳವಣಿಗೆಯ ವೇಗ ಯಾವಾಗ ಬದಲಾಯಿತು ಎಂಬುದನ್ನು ಅವು ತೋರಿಸುತ್ತವೆ. ಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದಿದ್ದರೂ ಸಾಕು, ಅಳೆದು ಬರೆದುಕೊಂಡು ಬರಬಹುದು. ಹಳೆಯ ಛಾಯಾಚಿತ್ರಗಳೂ ಸಹಾಯಕವಾಗುತ್ತವೆ.

ಇತರ ಕಾರಣಗಳಿಂದ ಪ್ರತ್ಯೇಕಿಸುವುದು

ಅಕಾಲದಲ್ಲಿ ಪ್ರಾಯದ ಲಕ್ಷಣ ಕಂಡ ಎಲ್ಲ ಬಾಲಕರಿಗೂ ವೃಷಣದ ಗೆಡ್ಡೆ ಇರುವುದಿಲ್ಲ. ಮೆದುಳಿನ ಆದೇಶವೇ ಬೇಗ ಹೊರಟಿರಬಹುದು. ಅಡ್ರಿನಲ್ ಗ್ರಂಥಿಯ ಕಾಯಿಲೆ ಇರಬಹುದು. ಮನೆಯ ಹಿರಿಯರು ಹಚ್ಚಿಕೊಳ್ಳುವ ಟೆಸ್ಟೋಸ್ಟೀರಾನ್ ಮುಲಾಮು ಮಗುವಿನ ಚರ್ಮಕ್ಕೆ ತಗುಲಿರಬಹುದು, ಅಥವಾ ಶಕ್ತಿವರ್ಧಕ ಎಂದು ಕೊಟ್ಟ ಪುಡಿಯಲ್ಲಿ ಹಾರ್ಮೋನು ಬೆರೆತಿರಬಹುದು. ಹೆಸರು ತಿಳಿಯದ ಯಾವುದೇ ಔಷಧಿ, ಲೇಹ್ಯ, ಪುಡಿ ಕೊಟ್ಟಿದ್ದಲ್ಲಿ ಸಂಕೋಚಪಡದೆ ಅದರ ಡಬ್ಬಿಯನ್ನೇ ವೈದ್ಯರ ಬಳಿಗೆ ಒಯ್ಯತಕ್ಕದ್ದು.

ಎರಡು ವೃಷಣಗಳ ಗಾತ್ರವನ್ನು ಹೋಲಿಸುವುದರಿಂದ ಬಹಳಷ್ಟು ತಿಳಿಯುತ್ತದೆ. ಇದಕ್ಕಾಗಿ ವೈದ್ಯರು ದಾರದಲ್ಲಿ ಪೋಣಿಸಿದ ಹನ್ನೆರಡು ಮಣಿಗಳ ಒಂದು ಸಾಧನವನ್ನು ಬಳಸುತ್ತಾರೆ. ಸ್ವಿಟ್ಜರ್‌ಲೆಂಡಿನ ಮಕ್ಕಳ ವೈದ್ಯ ಆಂದ್ರೆಯಾ ಪ್ರಾಡರ್ ಅವರು ರೂಪಿಸಿದ ಈ ಮಣಿಸರದಲ್ಲಿ 1 ರಿಂದ 25 ಮಿಲಿಲೀಟರ್ ಗಾತ್ರದ ಮಣಿಗಳು ಕ್ರಮವಾಗಿರುತ್ತವೆ. ಪರೀಕ್ಷಾ ಕೊಠಡಿಯಲ್ಲಿ ಅದನ್ನು ನೋಡಿ ಜಪಮಾಲೆ ಎಂದು ತಿಳಿಯುವವರೂ ಇದ್ದಾರೆ. ಎರಡೂ ವೃಷಣಗಳು ಸಮನಾಗಿ 4 ಮಿಲಿಲೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಮೆದುಳಿನ ಆದೇಶದತ್ತ ಗಮನ ಹರಿಸಲಾಗುತ್ತದೆ. ಎರಡೂ ಸಣ್ಣದಾಗಿದ್ದು ಮೈಯಲ್ಲಿ ಮಾತ್ರ ಪ್ರಾಯದ ಲಕ್ಷಣಗಳಿದ್ದರೆ ಅಡ್ರಿನಲ್ ಗ್ರಂಥಿಯ ಮೇಲೆ ಅನುಮಾನ ಬರುತ್ತದೆ. ಒಂದು ದೊಡ್ಡದು, ಇನ್ನೊಂದು ಚಿಕ್ಕದು ಎಂದಾದರೆ ಗೆಡ್ಡೆಯನ್ನು ಹುಡುಕಲೇಬೇಕು. ಗೆಡ್ಡೆ ತೀರ ಸಣ್ಣದಿದ್ದಾಗ ಕೈಗೆ ಸಿಗದೆಯೂ ಇರಬಹುದು, ಆಗ ಸ್ಕ್ಯಾನಿಂಗ್ ಮಾತ್ರವೇ ಅದನ್ನು ತೋರಿಸಬಲ್ಲದು.

ಅಡ್ರಿನಲ್ ಗ್ರಂಥಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಇಲ್ಲಿ ಗೊಂದಲವಾದರೆ ಅನಗತ್ಯವಾಗಿ ವೃಷಣವನ್ನೇ ತೆಗೆದುಹಾಕುವ ಅಪಾಯವಿದೆ. ಕಾರ್ಟಿಸಾಲ್ ತಯಾರಿಕೆಯಲ್ಲಿ ಹುಟ್ಟಿನಿಂದಲೇ ದೋಷವಿರುವ ಮಕ್ಕಳಲ್ಲಿ ಅಡ್ರಿನಲ್ ಗ್ರಂಥಿ ಪುರುಷ ಹಾರ್ಮೋನನ್ನು ಅತಿಯಾಗಿ ತಯಾರಿಸುತ್ತದೆ. ಭ್ರೂಣದ ಬೆಳವಣಿಗೆಯ ಕಾಲದಲ್ಲಿ ಈ ಗ್ರಂಥಿಯ ಕೆಲವು ಕೋಶಗಳು ವೃಷಣದಲ್ಲಿ ಉಳಿದುಕೊಂಡಿರುತ್ತವೆ, ಕಾಯಿಲೆ ಹತೋಟಿಯಲ್ಲಿಲ್ಲದಿದ್ದಾಗ ಅವೂ ಊದಿಕೊಂಡು ಗೆಡ್ಡೆಯಂತೆಯೇ ಕಾಣುತ್ತವೆ. ಸಾಮಾನ್ಯವಾಗಿ ಎರಡೂ ಕಡೆ ಇರುತ್ತವೆ. ಇವು ನಿಜವಾದ ಗೆಡ್ಡೆಗಳಲ್ಲ, ಹೈಡ್ರೋಕಾರ್ಟಿಸೋನ್‌ನಂತಹ ಮಾತ್ರೆಗಳಿಂದ ಹಲವು ಬಾರಿ ಕುಗ್ಗುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ 17 ಹೈಡ್ರಾಕ್ಸಿ ಪ್ರೊಜೆಸ್ಟೆರಾನ್ ಎಂಬ ರಕ್ತ ಪರೀಕ್ಷೆ ಆಗಿದೆಯೇ ಎಂದು ಪೋಷಕರು ವಿಚಾರಿಸಬಹುದು. ಹೀಗೆ ವಿಚಾರಿಸುವುದು ವೈದ್ಯರ ಮೇಲಿನ ಅಪನಂಬಿಕೆ ಎನಿಸುವುದಿಲ್ಲ.

ಮಾಡಲಾಗುವ ಪರೀಕ್ಷೆಗಳು

ವೃಷಣದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮುಖ್ಯವಾದುದು. ಇದರಲ್ಲಿ ನೋವಿಲ್ಲ, ವಿಕಿರಣವಿಲ್ಲ, ಖಾಲಿ ಹೊಟ್ಟೆಯೂ ಬೇಕಿಲ್ಲ. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಗಳ ವಯಸ್ಸನ್ನು ಲೆಕ್ಕಹಾಕಲಾಗುತ್ತದೆ. ಬೆಳಗಿನ ಹೊತ್ತು ರಕ್ತ ತೆಗೆದು ಟೆಸ್ಟೋಸ್ಟೀರಾನ್, ಈಸ್ಟ್ರೋಜನ್ ಹಾಗೂ ಪಿಟ್ಯೂಟರಿಯ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಅಳೆಯಲಾಗುತ್ತದೆ. ಟೆಸ್ಟೋಸ್ಟೀರಾನ್ ಹೆಚ್ಚಿದ್ದು ಪಿಟ್ಯೂಟರಿಯ ಹಾರ್ಮೋನುಗಳು ತೀರಾ ಕಡಿಮೆ ಇದ್ದರೆ ಹಾರ್ಮೋನು ಆದೇಶವಿಲ್ಲದೆ ಹರಿಯುತ್ತಿದೆ ಎಂದು ಅರ್ಥ. ಇದರ ಜೊತೆಗೆ ಆಲ್ಫಾ ಫೀಟೋಪ್ರೋಟೀನ್ ಮತ್ತು ಬೀಟಾ ಎಚ್‌ಸಿಜಿ ಎಂಬ ಎರಡು ಪರೀಕ್ಷೆಗಳನ್ನು ಮಾಡಲಾಗುವುದು. ಇವು ಇತರ ಬಗೆಯ, ಹೆಚ್ಚು ತೀವ್ರ ಸ್ವರೂಪದ ಗೆಡ್ಡೆಗಳಲ್ಲಿ ಏರುತ್ತವೆ, ಲೇಡಿಗ್ ಗೆಡ್ಡೆಯಲ್ಲಿ ಏರುವುದಿಲ್ಲ. ಯಾವ ಶಸ್ತ್ರಚಿಕಿತ್ಸೆ ಸಾಕು ಎಂಬ ನಿರ್ಧಾರ ಬಹುಪಾಲು ಈ ಎರಡು ವರದಿಗಳನ್ನು ಅವಲಂಬಿಸಿರುತ್ತದೆ.

ವೃಷಣಚೀಲಕ್ಕೆ ಹೊರಗಿನಿಂದ ಸೂಜಿ ಚುಚ್ಚಿ ಗೆಡ್ಡೆಯ ತುಣುಕು ತೆಗೆಯುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಗೆಡ್ಡೆ ತೀವ್ರ ಸ್ವರೂಪದ್ದಾಗಿದ್ದರೆ ಇದರಿಂದ ಹರಡುವ ಸಂಭವವಿರುತ್ತದೆ. ನೀರು ತುಂಬಿದೆ ಎಂದು ಹೇಳಿ ಸೂಜಿಯಿಂದ ತೆಗೆಯಲು ಮುಂದಾಗುವ, ಅಥವಾ ಎಣ್ಣೆ ಹಚ್ಚಿ ತಿಕ್ಕುವ ಚಿಕಿತ್ಸೆಗಳಿಂದ ದೂರವಿರತಕ್ಕದ್ದು. ಬಾಲಕರಲ್ಲಿ ವೃಷಣಚೀಲದ ಊತ ಹೆಚ್ಚಾಗಿ ಹೈಡ್ರೋಸಿಲ್ ಅಥವಾ ಹರ್ನಿಯಾದಿಂದಲೇ ಆಗಿರುತ್ತದೆ ಎಂಬುದು ನಿಜ, ಆದರೂ ಅದನ್ನು ನಿರ್ಧರಿಸಬೇಕಾದವರು ವೈದ್ಯರು.

ಹಾರ್ಮೋನು ಗೆಡ್ಡೆ ನೋಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು, ಊತ, ವಾಂತಿ ಕಂಡುಬಂದಲ್ಲಿ ಅದು ವೃಷಣ ತಿರುಚಿಕೊಂಡಿರುವ ಸೂಚನೆಯಾಗಿರಬಹುದು. ಅದು ತುರ್ತು ಪರಿಸ್ಥಿತಿ. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು. ಆಗ ಕೆಳಗೆ ಹೇಳಿರುವ ಶಿಫಾರಸು ಪತ್ರ ಇತ್ಯಾದಿಗಳಿಗೆ ಕಾಯದೆ 108 ಸಂಖ್ಯೆಗೆ ಕರೆ ಮಾಡಿ ಶಸ್ತ್ರಚಿಕಿತ್ಸಾ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ತೆರಳತಕ್ಕದ್ದು.

ಶಸ್ತ್ರಚಿಕಿತ್ಸೆ

ಗೆಡ್ಡೆಯನ್ನು ತೊಡೆಸಂದಿಯಲ್ಲಿ ಸಣ್ಣ ಸೀಳು ಮಾಡಿ ತಲುಪಲಾಗುತ್ತದೆ, ವೃಷಣಚೀಲವನ್ನು ಸೀಳುವುದಿಲ್ಲ. ಹಿಂದೆ ಇಡೀ ವೃಷಣವನ್ನು ತೆಗೆಯುವುದೇ ರೂಢಿಯಾಗಿತ್ತು. ಈಗ ರಕ್ತದ ಗುರುತುಗಳು ಸಹಜವಾಗಿದ್ದು, ಸ್ಕ್ಯಾನಿಂಗ್‌ನಲ್ಲಿ ಗೆಡ್ಡೆಯ ಸುತ್ತ ಆರೋಗ್ಯಕರ ಭಾಗ ಸಾಕಷ್ಟು ಉಳಿದಿದ್ದರೆ ಗೆಡ್ಡೆಯನ್ನು ಮಾತ್ರ ಬಿಡಿಸಿ ತೆಗೆದು ವೃಷಣವನ್ನು ಉಳಿಸಲಾಗುತ್ತದೆ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸೌಲಭ್ಯ ಇದಕ್ಕೆ ಬೇಕು. ಆದ್ದರಿಂದ ಈ ಸೌಲಭ್ಯವೂ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರೂ ಇರುವ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುವುದು. ಒಂದು ವೃಷಣವನ್ನು ತೆಗೆಯಬೇಕಾಗಿ ಬಂದರೂ ಉಳಿದ ವೃಷಣ ಆರೋಗ್ಯವಾಗಿದ್ದಲ್ಲಿ ಮುಂದೆ ಮದುವೆಗೂ ಮಕ್ಕಳಾಗುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಅನೇಕ ಕುಟುಂಬಗಳು ಬಾಯಿಬಿಟ್ಟು ಕೇಳಲಾರದೆ ಮನಸ್ಸಿನಲ್ಲಿಯೇ ಇಟ್ಟುಕೊಳ್ಳುವ ಪ್ರಶ್ನೆ ಇದಾದುದರಿಂದ ಇಲ್ಲಿ ಸ್ಪಷ್ಟಪಡಿಸಲಾಗಿದೆ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಅದರಲ್ಲಿ ಏನು ಬರೆದಿದೆ ಎಂಬುದನ್ನು ತಿಳಿದುಕೊಳ್ಳುವುದು ಪೋಷಕರ ಹಕ್ಕು. ಲೋಂಡಾ ಭಾಗದಲ್ಲಿ ಮರಾಠಿ, ಕೊಂಕಣಿ ಮಾತನಾಡುವ ಮನೆಗಳು ಹೆಚ್ಚು. ಕನ್ನಡ ಅಥವಾ ಇಂಗ್ಲಿಷ್ ಓದಲು ಬಾರದವರು ತಮ್ಮ ಭಾಷೆಯಲ್ಲಿ ವಿವರಿಸುವಂತೆ ಕೇಳಿಕೊಳ್ಳಬಹುದು. ಗೆಡ್ಡೆ ಮಾತ್ರ ತೆಗೆಯುವ ಉದ್ದೇಶವೇ, ಇಡೀ ವೃಷಣವೇ, ಒಳಗೆ ನೋಡಿದ ಮೇಲೆ ನಿರ್ಧಾರ ಬದಲಾಗಬಹುದೇ ಎಂಬ ಮೂರು ವಿಷಯಗಳನ್ನು ಸಹಿಗೆ ಮುನ್ನ ಕೇಳಿಕೊಳ್ಳತಕ್ಕದ್ದು.

ಲೋಂಡಾದಿಂದ ಚಿಕಿತ್ಸೆಗೆ ಹೋಗುವ ಕ್ರಮ

ಮೊದಲ ಹೆಜ್ಜೆ ಆಶಾ ಕಾರ್ಯಕರ್ತೆ ಅಥವಾ ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಬೇಕೆಂಬ ನಿಯಮವಿದೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ಅಕಾಲ ಪ್ರಾಯದ ಹೆಸರು ಇಲ್ಲ. ಎಲ್ಲರೆದುರು ನಡೆಯುವ ಶಾಲಾ ತಪಾಸಣೆಯಲ್ಲಿ ಜನನಾಂಗದ ಪರೀಕ್ಷೆಯೂ ಆಗುವುದಿಲ್ಲ. ಆದ್ದರಿಂದ ತಂಡ ಬಂದು ಹೋಯಿತು, ಏನೂ ಹೇಳಲಿಲ್ಲ ಎಂದು ಸುಮ್ಮನಿರಬಾರದು. ಪೋಷಕರು ತಾವಾಗಿಯೇ ವಿಷಯ ತಿಳಿಸಿದಲ್ಲಿ ಮಾತ್ರ ತಂಡದ ವೈದ್ಯರು ಪ್ರತ್ಯೇಕವಾಗಿ ನೋಡಿ ಮುಂದಿನ ಆಸ್ಪತ್ರೆಗೆ ಕಳುಹಿಸಲು ಸಾಧ್ಯ.

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಖಾನಾಪುರದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೂ, ಅಲ್ಲಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೂ ಕಳುಹಿಸುವುದು ಕ್ರಮ. ಜಿಲ್ಲಾ ಆಸ್ಪತ್ರೆಯು ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬಿಮ್ಸ್‌ಗೆ ಸೇರಿದ ಬೋಧನಾ ಆಸ್ಪತ್ರೆಯಾಗಿದೆ. ರೈಲಿನಲ್ಲಿ ಲೋಂಡಾದಿಂದ ಖಾನಾಪುರ ಹಾಗೂ ಬೆಳಗಾವಿ ಒಂದೇ ಮಾರ್ಗದಲ್ಲಿ ಬರುತ್ತವೆ, ಬೆಳಗಾವಿಗೆ ಸುಮಾರು 50 ಕಿಲೋಮೀಟರ್ ದೂರವಿದೆ. ಅಳ್ನಾವರ, ಧಾರವಾಡ ಮಾರ್ಗವಾಗಿ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ, ಕ್ಯಾನ್ಸರ್ ಅನುಮಾನವಿರುವ ಸಂದರ್ಭಕ್ಕೆ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯೂ ಇವೆ. ಮಳೆಗಾಲದಲ್ಲಿ ಕಾಡಂಚಿನ ಹಳ್ಳಿಗಳಿಂದ ಲೋಂಡಾ ನಿಲ್ದಾಣಕ್ಕೆ ಬರುವುದೇ ಕಷ್ಟ. ಈ ಕಾಯಿಲೆಯಲ್ಲಿ ಒಂದೆರಡು ವಾರ ತಡವಾದರೆ ಅಪಾಯವಿಲ್ಲ, ಮಳೆಗಾಲ ಮುಗಿಯಲಿ, ಸುಗ್ಗಿ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ವರ್ಷ ಕಳೆದರೆ ಅಪಾಯವಿದೆ.

ಲೋಂಡಾದ ಅನೇಕರು ರೂಢಿಯಂತೆ ಗೋವಾದ ಆಸ್ಪತ್ರೆಗಳಿಗೆ ಹೋಗುತ್ತಾರೆ. ಹಾಗೆ ಹೋಗಲು ಅಡ್ಡಿಯಿಲ್ಲ. ಆದರೆ ಕರ್ನಾಟಕದ ಆರೋಗ್ಯ ಕಾರ್ಡು ಅಲ್ಲಿ ಈ ಚಿಕಿತ್ಸೆಗೆ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು. ರೈಲ್ವೆ ನೌಕರರ ಮಕ್ಕಳು ರೈಲ್ವೆಯ ವೈದ್ಯಾಧಿಕಾರಿಗಳ ಮೂಲಕ ಹುಬ್ಬಳ್ಳಿಯಲ್ಲಿರುವ ನೈರುತ್ಯ ರೈಲ್ವೆಯ ಕೇಂದ್ರ ಆಸ್ಪತ್ರೆಗೆ ಹಾಗೂ ಅಲ್ಲಿಂದ ಅಗತ್ಯವಿದ್ದಲ್ಲಿ ಬೇರೆಡೆಗೆ ಶಿಫಾರಸು ಪಡೆಯಬಹುದು.

ಆರ್ಥಿಕ ನೆರವು ಮತ್ತು ದಾಖಲೆಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರ ಅಕ್ಟೋಬರ್‌ನಿಂದ ಸಂಯೋಜಿತ ರೂಪದಲ್ಲಿ ಜಾರಿಯಲ್ಲಿದೆ. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಒಳರೋಗಿ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಇತರ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಭರಿಸಲಾಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಯನ್ನು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಪಡೆಯತಕ್ಕದ್ದು. ಅಲ್ಲಿ ಸೌಲಭ್ಯವಿಲ್ಲದಿದ್ದಲ್ಲಿ ಸರ್ಕಾರಿ ಆಸ್ಪತ್ರೆ ನೀಡುವ ಶಿಫಾರಸು ಪತ್ರದೊಡನೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ ನಂತರ ಹಣ ಮರುಪಾವತಿ ಕೋರುವವರಿಗೆ ನಿರಾಶೆಯಾಗುವ ಸಂಭವ ಹೆಚ್ಚು. ಹೊರರೋಗಿಯಾಗಿ ಮಾಡಿಸುವ ಹಾರ್ಮೋನು ಪರೀಕ್ಷೆಗಳ ವೆಚ್ಚ ಒಳರೋಗಿ ಚಿಕಿತ್ಸೆಯಲ್ಲಿ ಸೇರುವುದಿಲ್ಲವಾದುದರಿಂದ ಅವುಗಳ ದರವನ್ನು ಮೊದಲೇ ಕೇಳಿ ತಿಳಿಯುವುದು ಉತ್ತಮ. ವಿಚಾರಣೆಗೆ 14555 ಎಂಬ ಉಚಿತ ಸಹಾಯವಾಣಿ ಇದೆ.

ಒಯ್ಯಬೇಕಾದ ದಾಖಲೆಗಳು: ಪಡಿತರ ಚೀಟಿ, ಮಗುವಿನ ಮತ್ತು ಜೊತೆಗೆ ಬರುವ ಪೋಷಕರ ಆಧಾರ್, ಆರೋಗ್ಯ ಕಾರ್ಡು ಇದ್ದಲ್ಲಿ ಅದು, ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಹಿಂದಿನ ಎಲ್ಲ ಚೀಟಿ ಹಾಗೂ ವರದಿಗಳು. ಎರಡು ಕಡೆ ತೊಡಕಾಗುವುದುಂಟು. ಮಗುವಿನ ಹೆಸರು ಪಡಿತರ ಚೀಟಿಗೆ ಸೇರಿರುವುದಿಲ್ಲ. ಅಥವಾ ಮಗುವಿಗೆ ಐದು ವರ್ಷ ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಸೇರಿಸಿರುವುದಿಲ್ಲ. ಈ ಗೆಡ್ಡೆ ಕಾಣಿಸಿಕೊಳ್ಳುವುದು ಬಹುಪಾಲು ಐದು ವರ್ಷ ದಾಟಿದ ಮಕ್ಕಳಲ್ಲಿಯೇ. ಆದ್ದರಿಂದ ಪರೀಕ್ಷೆಗಳು ನಡೆಯುತ್ತಿರುವಾಗಲೇ, ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗುವ ಮೊದಲೇ, ಇವೆರಡನ್ನೂ ಸರಿಪಡಿಸಿಕೊಳ್ಳುವಂತೆ ಕೋರಲಾಗಿದೆ.

ಜನನ ಪ್ರಮಾಣಪತ್ರದ ವಿಷಯದಲ್ಲಿ ಒಂದು ಮಾತು. ಇಂತಹ ಬಾಲಕ ನೋಡಲು ದೊಡ್ಡವನಂತಿರುವುದರಿಂದ ಶಾಲಾ ದಾಖಲಾತಿ, ಬಸ್ಸಿನ ಅರ್ಧ ಟಿಕೆಟ್, ವಯೋಮಿತಿಯ ಕ್ರೀಡಾಕೂಟಗಳಲ್ಲಿ ಅವನ ವಯಸ್ಸಿನ ಬಗ್ಗೆ ಅನುಮಾನ ಬರುವುದುಂಟು. ಮೂಳೆಗಳ ಎಕ್ಸ್‌ರೇ ನೋಡಿ ವಯಸ್ಸು ನಿರ್ಧರಿಸಲು ಹೊರಟರೆ ಉತ್ತರ ತಪ್ಪಾಗಿಯೇ ಬರುತ್ತದೆ, ಏಕೆಂದರೆ ಕಾಯಿಲೆಯೇ ಆ ಮೂಳೆಗಳನ್ನು ಮಾಗಿಸಿದೆ. ಪ್ರಮಾಣಪತ್ರದೊಡನೆ ವೈದ್ಯರ ಚೀಟಿಯ ನಕಲನ್ನು ಇಟ್ಟುಕೊಳ್ಳುವುದು ಕ್ಷೇಮ.

ಶಾಲೆ ಮತ್ತು ಮನೆಯಲ್ಲಿ

ಮೈ ಹದಿಮೂರರದಾದರೂ ಮನಸ್ಸು ಏಳರದೇ ಆಗಿರುತ್ತದೆ. ಹಾರ್ಮೋನಿನ ಪ್ರಭಾವದಿಂದ ಸಿಟ್ಟು, ಜಗಳ, ಲೈಂಗಿಕ ಅಂಗಗಳನ್ನು ಮುಟ್ಟಿಕೊಳ್ಳುವ ಅಭ್ಯಾಸ ಕಂಡುಬರಬಹುದು. ಇದಕ್ಕಾಗಿ ಮಗುವನ್ನು ಹೊಡೆಯುವುದು, ಶಾಲೆಯಲ್ಲಿ ಕೆಟ್ಟ ಹುಡುಗನೆಂದು ಬೇರೆ ಕೂರಿಸುವುದು ಸಲ್ಲದು. ಇದು ಕಾಯಿಲೆಯ ಲಕ್ಷಣವೇ ಹೊರತು ಸಂಸ್ಕಾರದ ದೋಷವಲ್ಲ. ಗೆಡ್ಡೆ ತೆಗೆದ ಮೇಲೆ ಇದು ಕಡಿಮೆಯಾಗುತ್ತದೆ. ಮುಖ್ಯೋಪಾಧ್ಯಾಯರಿಗೆ ಮತ್ತು ತರಗತಿ ಶಿಕ್ಷಕರಿಗೆ ಮಾತ್ರ ವಿಷಯ ತಿಳಿಸಿ ಗೌಪ್ಯವಾಗಿಡುವಂತೆ ಕೇಳಿಕೊಳ್ಳಬಹುದು. ವೈದ್ಯಕೀಯ ಪರೀಕ್ಷೆಯ ವೇಳೆ ತಂದೆ ಅಥವಾ ತಾಯಿ ಜೊತೆಯಲ್ಲಿರತಕ್ಕದ್ದು, ಏನು ನೋಡುತ್ತಿದ್ದಾರೆ, ಏಕೆ ನೋಡುತ್ತಿದ್ದಾರೆ ಎಂಬುದನ್ನು ಮಗುವಿಗೆ ಅರ್ಥವಾಗುವಂತೆ ಮೊದಲೇ ಹೇಳತಕ್ಕದ್ದು.

ಶಸ್ತ್ರಚಿಕಿತ್ಸೆಯ ನಂತರ

ಗೆಡ್ಡೆ ತೆಗೆದ ಕೆಲವೇ ದಿನಗಳಲ್ಲಿ ಟೆಸ್ಟೋಸ್ಟೀರಾನ್ ಮಟ್ಟ ಇಳಿಯುತ್ತದೆ. ಮೊಡವೆ, ಸಿಟ್ಟು ತಗ್ಗುತ್ತವೆ. ಒಡೆದ ಧ್ವನಿ ಮತ್ತು ಬೆಳೆದ ಜನನಾಂಗ ಹಾಗೆಯೇ ಉಳಿಯಬಹುದು. ಇಲ್ಲಿಗೆ ಎಲ್ಲವೂ ಮುಗಿಯಿತೆಂದು ತಿಳಿದು ಮರುಭೇಟಿಯನ್ನು ಬಿಡುವವರಿಗಾಗಿ ಈ ಮುಂದಿನದನ್ನು ಒತ್ತಿ ಹೇಳಬೇಕಾಗಿದೆ. ಬಹುಕಾಲ ಹಾರ್ಮೋನಿನಲ್ಲಿ ತೊಯ್ದ ಮೆದುಳು ಕೆಲವು ಬಾಲಕರಲ್ಲಿ ಗೆಡ್ಡೆ ಹೋದ ಮೇಲೆ ತಾನೇ ಪ್ರಾಯದ ಆದೇಶವನ್ನು ಹೊರಡಿಸಿಬಿಡುತ್ತದೆ. ಆಗ ಉಳಿದ ವೃಷಣ ದೊಡ್ಡದಾಗತೊಡಗುತ್ತದೆ, ಬೆಳವಣಿಗೆಯ ವೇಗ ಮತ್ತೆ ಏರುತ್ತದೆ. ಇದನ್ನು ತಡೆಯಲು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನೀಡುವ ಚುಚ್ಚುಮದ್ದುಗಳಿವೆ. ಬೆಲೆ ಹೆಚ್ಚು, ಆದರೆ ಸಕಾಲದಲ್ಲಿ ಕೊಟ್ಟರೆ ಉಳಿದ ಎತ್ತರವನ್ನು ಕಾಪಾಡುತ್ತವೆ. ಈ ಕಾರಣದಿಂದ ಎತ್ತರ, ವೃಷಣದ ಗಾತ್ರ ಮತ್ತು ರಕ್ತ ಪರೀಕ್ಷೆಗಳಿಗಾಗಿ ವೈದ್ಯರು ಸೂಚಿಸಿದ ದಿನಾಂಕಗಳಂದು ಹಾಜರಾಗತಕ್ಕದ್ದು. ಎತ್ತರವನ್ನು ಲೋಂಡಾದಲ್ಲಿಯೇ ಮೂರು ತಿಂಗಳಿಗೊಮ್ಮೆ ಅಳೆಸಿ ಬರೆದಿಟ್ಟುಕೊಂಡರೆ ಬೆಳಗಾವಿಗೆ ಹೋದಾಗ ಕೆಲಸ ಸುಲಭವಾಗುತ್ತದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಗೆಡ್ಡೆಯ ಅಂಗಾಂಶ ಪರೀಕ್ಷೆಯ ವರದಿ ಬಂದಿರುವುದಿಲ್ಲ. ಅದು ಸಾಮಾನ್ಯವಾಗಿ ಕೆಲವು ದಿನಗಳ ನಂತರ ಸಿದ್ಧವಾಗುತ್ತದೆ. ಅದನ್ನು ತಪ್ಪದೆ ಪಡೆದು, ಬಿಡುಗಡೆ ಚೀಟಿಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿಡತಕ್ಕದ್ದು. ಮುಂದೆ ಬೇರೆ ಊರಿಗೆ ವರ್ಗವಾಗಿ ಹೋದಲ್ಲಿ, ಅಥವಾ ಬಾಲಕ ದೊಡ್ಡವನಾದ ಮೇಲೆ ಇನ್ನೊಬ್ಬ ವೈದ್ಯರ ಬಳಿ ಹೋದಲ್ಲಿ, ಅವರು ಮೊದಲು ಕೇಳುವುದು ಆ ಒಂದು ಹಾಳೆಯನ್ನೇ.